ನಾನು ಕಟ್ಟಿದ ವಿಆರ್ (ಹೆಡ್‌ಸೆಟ್ ಧರಿಸಿ ನೋಡುವ ವರ್ಚುವಲ್ ರಿಯಾಲಿಟಿ) ಲೋಕದಲ್ಲಿ ಓಡಾಡಿದರೆ ತಲೆ ಸುತ್ತುವುದೇಕೆ?

ಕಣ್ಣಿಗೂ ಒಳಕಿವಿಗೂ ತಾಳೆಯಾಗದಿರುವುದೇ ಕಾರಣ. ಜಾಯ್‌ಸ್ಟಿಕ್ ಒತ್ತಿದಾಗ ಕಣ್ಣಿಗೆ ಮುಂದೆ ಸಾಗಿದಂತೆ ಕಾಣುತ್ತದೆ. ದೇಹದ ಸಮತೋಲನ ನೋಡಿಕೊಳ್ಳುವ ಒಳಕಿವಿಗೆ ನೀವು ಕುರ್ಚಿಯಲ್ಲೇ ಇದ್ದೀರೆಂದು ಗೊತ್ತು.

ಆದ್ದರಿಂದ ಮೊದಲ ಲೋಕಕ್ಕೆ ಟೆಲಿಪೋರ್ಟ್ ಸಾಕು: ತೋರಿಸಿದ ಜಾಗಕ್ಕೆ ನೇರ ಜಿಗಿತ, ನಡುವಿನ ಚಲನೆ ಕಾಣುವುದಿಲ್ಲ. ತಿರುಗುವುದೂ ಒಮ್ಮೆಗೆ 30 ಅಥವಾ 45 ಡಿಗ್ರಿ ಇರಲಿ. ನೋಡುವವರ ತಲೆ ಅಲುಗದೆ ಕ್ಯಾಮೆರಾವನ್ನು ನೀವಾಗಿ ಅಲುಗಾಡಿಸಲೇಬೇಡಿ.

ಹೊಸಬರು ಹೆಚ್ಚಾಗಿ ಎಡವುವುದು ಫ್ರೇಮ್ ದರದಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ (ಫ್ರೇಮ್) ಮೂಡುತ್ತವೆ ಎಂಬುದರಲ್ಲಿ. 90 ಹರ್ಟ್ಜ್ (ಸೆಕೆಂಡಿಗೆ 90 ಫ್ರೇಮ್) ಹೆಡ್‌ಸೆಟ್‌ನಲ್ಲಿ ಪ್ರತಿ ಫ್ರೇಮ್ ಬಿಡಿಸಲು ಸಿಗುವುದು ಸುಮಾರು 11 ಮಿಲಿಸೆಕೆಂಡ್. ಮರದ ಎಲೆಎಲೆಗೂ ಆಗಿಂದಾಗಲೇ ನೆರಳು ಲೆಕ್ಕ ಹಾಕಿಸಿದರೆ ಆ ಸಮಯ ಸಾಲದು. ತಲೆ ಹೊರಳಿಸಿದಾಗ ದೃಶ್ಯ ತಡವರಿಸುತ್ತದೆ, ವಾಕರಿಕೆ ಶುರುವಾಗುತ್ತದೆ. ಕದಲದ ವಸ್ತುಗಳ ನೆರಳನ್ನು ಮೊದಲೇ ಬೇಕ್ ಮಾಡಿ, ಅಂದರೆ ಮೇಲ್ಮೈಯ ಚಿತ್ರದಲ್ಲೇ ಅಚ್ಚೊತ್ತಿಸಿಡಿ.