ಬಿಎಸ್4 ವ್ಯಾನೋ, ಬಿಎಸ್6 ವ್ಯಾನೋ?

ಹಳೆ ಬಿಎಸ್4 ಡೀಸೆಲ್ ವ್ಯಾನ್ ಕೊಂಡು ಒಳಗೆ ಮಲಗುವ ವ್ಯವಸ್ಥೆ ಮಾಡಿಸಲೋ, ಬಿಎಸ್6 ಗಾಡಿಗೇ ಹೋಗಲೋ ಅಂತ ಶಿರಸಿಯಿಂದ ಕೇಳಿದ್ದೀರಿ. (ಬಿಎಸ್ ಅಂದರೆ ಭಾರತ್ ಸ್ಟೇಜ್, ಗಾಡಿಯ ಹೊಗೆಗೆ ಸರ್ಕಾರ ಹಾಕಿದ ಮಿತಿ; ಅಂಕಿ ಹೆಚ್ಚಾದಷ್ಟೂ ಮಿತಿ ಬಿಗಿ.) ಕಾರವಾರ, ಗೋಕರ್ಣ, ಮುರ್ಡೇಶ್ವರ ಸುತ್ತುವುದಷ್ಟೇ ಆದರೆ ನನ್ನ ಮತ ಬಿಎಸ್4ಗೆ. ಉತ್ತರ ಭಾರತದ ಆಸೆಯಿದ್ದರೆ ಬೇಡ. ದೆಹಲಿಯಲ್ಲಿ ಚಳಿಗಾಲದ ಹೊಗೆ ವಿಪರೀತವಾದಾಗ ಬಿಎಸ್4 ಡೀಸೆಲ್ ಕಾರುಗಳನ್ನು ತಡೆಯುವುದುಂಟು.

2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟುಹೋಗಬೇಕಾದರೆ ಫಿಲ್ಟರ್ ಚೆನ್ನಾಗಿ ಬಿಸಿಯಾಗಬೇಕು. ಪೇಟೆಯೊಳಗೇ ಓಡಾಡಿದರೆ, ಅಥವಾ ಬೀಚ್ ಬದಿ ರಾತ್ರಿಯಿಡೀ ಎಸಿಗಾಗಿ ಎಂಜಿನ್ ಚಾಲೂ ಇಟ್ಟರೆ ಕಟ್ಟಿಕೊಳ್ಳುತ್ತದೆ. ಮೋಟರ್‌ಹೋಮ್‌ನವರಿಗೆ ತಲೆನೋವು ಇದೇ. ಅದಕ್ಕೇ ಫ್ಯಾನ್, ಫ್ರಿಜ್‌ಗೆ ಬೇರೆ ಬ್ಯಾಟರಿ ಹಾಕಿಸಿ, ಮೇಲೆ ಸೋಲಾರ್. (ನಮ್ಮ ಮಳೆಗಾಲದಲ್ಲಿ ಸೋಲಾರ್ ನಂಬೋ ಹಾಗಿಲ್ಲ, ಅಲ್ವಾ!) ಡಿಪಿಎಫ್ ದೀಪ ಹತ್ತಿದರೆ ಕುಮಟಾ-ಹೊನ್ನಾವರ ಹೆದ್ದಾರಿಯಲ್ಲಿ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಿಸಿ. 'ಸುಮ್ನೆ ಕಿತ್ತು ಬಿಸಾಕಿ' ಅನ್ನೋ ಗ್ಯಾರೇಜಿನವರ ಮಾತು ಕೇಳಬೇಡಿ, ಅದು ಕಾನೂನುಬಾಹಿರ. ಕೆಲವು ಬಿಎಸ್6 ಗಾಡಿಗೆ ಹೊಗೆ ಶುದ್ಧ ಮಾಡಲು ಯೂರಿಯಾ ದ್ರಾವಣವೂ ಬೇಕು. ದೇವಿಮನೆ ಘಾಟಿ ಇಳಿಯುವ ಮೊದಲೇ ಮಟ್ಟ ನೋಡಿಕೊಳ್ಳಿ.

ಯಾವುದನ್ನೇ ತಗೊಂಡರೂ ಬಡಗಿಯನ್ನು ಕರೆಯುವ ಮೊದಲು ಆರ್‌ಟಿಒ ಅನುಮತಿ ಪಡೆಯಿರಿ, ಬದಲಾವಣೆಯನ್ನು ಆರ್‌ಸಿಯಲ್ಲಿ ಬರೆಸಿ.