ವರ್ಚುವಲ್ ಥ್ರೆಡ್ ಹಾಕಿದರೂ ಸ್ಪೀಡ್ ಬರಲಿಲ್ಲ ಅನ್ನುವವರಿಗೆ

2025ರಲ್ಲಿ ಪ್ರೋಗ್ರಾಮಿಂಗ್ ಭಾಷೆ ಜಾವಾದ ಎರಡು ಆವೃತ್ತಿ ಬಂದವು. ಮಾರ್ಚ್‌ನಲ್ಲಿ 24, ಸೆಪ್ಟೆಂಬರ್‌ನಲ್ಲಿ 25. ಆಗಿನಿಂದ ನನಗೆ ಬರುತ್ತಿರುವ ಪ್ರಶ್ನೆಗಳನ್ನು ಸೋಸಿದರೆ ಕೈಗೆ ಸಿಗುವುದು ಏಳು, ಮಿಕ್ಕಿದ್ದೆಲ್ಲ ಅವೇ ಏಳು ಬೇರೆ ಬೇರೆ ವೇಷದಲ್ಲಿ. ಒಬ್ಬೊಬ್ಬರಿಗೂ ಬರೆದು ಸಾಕಾಗಿದೆ, ಅದಕ್ಕೇ ಒಟ್ಟಿಗೆ ಉತ್ತರಿಸುತ್ತಿದ್ದೇನೆ. ಥ್ರೆಡ್ ಅಂದರೇನು, ಕನೆಕ್ಷನ್ ಪೂಲ್ ಅಂದರೇನು ಅಂತ ಇಲ್ಲಿ ಹೇಳುವುದಿಲ್ಲ. ಅದು ಗೊತ್ತಿಲ್ಲದೆ ಪ್ರೊಡಕ್ಷನ್ ಸರ್ವರ್‌ಗೆ ಕೈ ಹಾಕಿದ್ದರೆ ಮೊದಲು ಕೈ ತೆಗೆಯಿರಿ.

ಪ್ರಶ್ನೆ: ಜಾವಾ ಕಥೆ ಮುಗಿಯಿತಂತೆ, ಹೌದಾ?

ಮೂವತ್ತು ವರ್ಷ ದಾಟಿದೆ, ಆರು ತಿಂಗಳಿಗೊಂದು ಹೊಸ ಆವೃತ್ತಿ ಬರುತ್ತಿದೆ. ಮುಂದಿನ ಪ್ರಶ್ನೆ.

ಪ್ರಶ್ನೆ: ಸರ್, ನಮ್ಮದು ಸ್ಪ್ರಿಂಗ್ ಬೂಟ್ (ಜಾವಾದಲ್ಲಿ ಸರ್ವರ್ ಕಟ್ಟುವ ಚೌಕಟ್ಟು) ಅಪ್ಲಿಕೇಶನ್, ಜಾವಾ 21ರ ಮೇಲೆ ಓಡುತ್ತಿದೆ. ವರ್ಚುವಲ್ ಥ್ರೆಡ್ ಆನ್ ಮಾಡಿದರೆ ಹತ್ತು ಪಟ್ಟು ಸ್ಪೀಡ್ ಅಂತ ಒಂದು ವಿಡಿಯೊದಲ್ಲಿ ನೋಡಿ ಆನ್ ಮಾಡಿದೆವು. ಲೋಡ್ ಕಡಿಮೆ ಇದ್ದಾಗ ಏನೂ ವ್ಯತ್ಯಾಸ ಇಲ್ಲ. ಲೋಡ್ ಏರಿದರೆ ಡೇಟಾಬೇಸ್ ಕನೆಕ್ಷನ್ ಟೈಮ್‌ಔಟ್. ಒಮ್ಮೊಮ್ಮೆ ಸರ್ವರ್ ಪೂರ್ತಿ ಸ್ತಬ್ಧ, ಲಾಗ್‌ನಲ್ಲಿ ಏನೂ ಇಲ್ಲ. 25ಕ್ಕೆ ಹೋದರೆ ಸರಿಹೋಗುತ್ತದಾ?

ನಿಮ್ಮಲ್ಲಿ ಎರಡು ಕಾಯಿಲೆ ಇವೆ. ಒಂದು 25ಕ್ಕೆ ಹೋದರೆ ಬಹುಪಾಲು ವಾಸಿಯಾಗುತ್ತದೆ. ಇನ್ನೊಂದು ಎಲ್ಲಿಗೆ ಹೋದರೂ ಬೆನ್ನು ಬಿಡುವುದಿಲ್ಲ.

ಮೊದಲು ಆ ಹತ್ತು ಪಟ್ಟಿನ ವಿಷಯ. ವರ್ಚುವಲ್ ಥ್ರೆಡ್ ನಿಮ್ಮ ಕೋಡನ್ನು ಒಂದಿಷ್ಟೂ ವೇಗವಾಗಿ ಓಡಿಸುವುದಿಲ್ಲ. ಒಂದು ಕ್ವೆರಿಗೆ 80 ಮಿಲಿಸೆಕೆಂಡ್ ಹಿಡಿಯುತ್ತಿದ್ದರೆ ಈಗಲೂ ಅಷ್ಟೇ ಹಿಡಿಯುತ್ತದೆ. ಅದು ಕಡಿಮೆ ಮಾಡುವುದು ಕಾಯುವುದರ ಖರ್ಚನ್ನು ಮಾತ್ರ. ಹಳೆಯ ಥ್ರೆಡ್ ಅಂದರೆ ಆಪರೇಟಿಂಗ್ ಸಿಸ್ಟಮ್‌ನ ಥ್ರೆಡ್ಡೇ. 64 ಬಿಟ್ ಲಿನಕ್ಸ್‌ನಲ್ಲಿ ಒಂದೊಂದರ ಸ್ಟ್ಯಾಕ್‌ಗೆ (ನಡೆಯುತ್ತಿರುವ ಕೆಲಸದ ಲೆಕ್ಕ ಇಡುವ ಮೆಮೊರಿ) ಸಾಮಾನ್ಯವಾಗಿ 1 ಎಂಬಿ ವಿಳಾಸದ ಜಾಗ ಎತ್ತಿಡುತ್ತದೆ, ನೆಟ್‌ವರ್ಕ್‌ನಿಂದ ಉತ್ತರ ಬರುವವರೆಗೂ ಸುಮ್ನೆ ಕೂತಿರುತ್ತದೆ. ವರ್ಚುವಲ್ ಥ್ರೆಡ್ ಹಾಗಲ್ಲ. ಕಾಯುವ ಜಾಗ ಬಂದ ಕೂಡಲೇ ತನ್ನ ಸ್ಟ್ಯಾಕನ್ನು ಹೀಪ್‌ಗೆ, ಅಂದರೆ ಪ್ರೋಗ್ರಾಮಿನ ಸಾಮಾನ್ಯ ಮೆಮೊರಿಗೆ ಎತ್ತಿಟ್ಟು, ತನ್ನನ್ನು ಹೊತ್ತಿದ್ದ ಆಪರೇಟಿಂಗ್ ಸಿಸ್ಟಮ್ ಥ್ರೆಡ್ಡನ್ನು (ಅದೇ ಕ್ಯಾರಿಯರ್) ಇನ್ನೊಂದಕ್ಕೆ ಬಿಟ್ಟುಕೊಡುತ್ತದೆ. ಕ್ಯಾರಿಯರ್‌ಗಳು ಸಾಮಾನ್ಯವಾಗಿ ಸಿಪಿಯು ಕೋರ್‌ಗಳು ಎಷ್ಟಿವೆಯೋ ಅಷ್ಟೇ. ಅಂದಮೇಲೆ ನಿಮ್ಮ ಕೆಲಸ ಬರೀ ಲೆಕ್ಕಾಚಾರ, ಚಿತ್ರ ಕುಗ್ಗಿಸುವುದು, ಪಿಡಿಎಫ್ ಮಾಡುವುದು ಇಂಥದ್ದಾದರೆ ಇದರಿಂದ ಲಾಭ ಸೊನ್ನೆ. ಇದನ್ನು ಆ ವಿಡಿಯೊದವರು ಹೇಳಲಿಲ್ಲ ಅಲ್ವಾ? ಹೇಳುವುದಿಲ್ಲ. ಅವರು ಒಂದು ಸೆಕೆಂಡ್ ಸ್ಲೀಪ್ ಮಾಡುವ ಪ್ರೋಗ್ರಾಮನ್ನು ಹತ್ತು ಸಾವಿರ ಥ್ರೆಡ್‌ಗಳಲ್ಲಿ ಓಡಿಸಿ ತೋರಿಸಿ ಹೋಗಿರುತ್ತಾರೆ. ಯಾರ ಪ್ರೊಡಕ್ಷನ್ ಸರ್ವರ್ ಬರೀ ಸ್ಲೀಪ್ ಮಾಡುತ್ತದೆ ಹೇಳಿ.

ಈಗ ನಿಮ್ಮ ಟೈಮ್‌ಔಟ್. ಸ್ಪ್ರಿಂಗ್ ಬೂಟ್ ಒಳಗಿನ ವೆಬ್ ಸರ್ವರ್ ಟಾಮ್‌ಕ್ಯಾಟ್ ಇಷ್ಟು ದಿನ ಬೇರೆ ಏನೂ ಹೇಳದಿದ್ದರೆ 200 ಥ್ರೆಡ್ ಇಟ್ಟುಕೊಳ್ಳುತ್ತಿತ್ತು. ಆ 200 ಬರೀ ಥ್ರೆಡ್‌ಗಳ ಲೆಕ್ಕ ಆಗಿರಲಿಲ್ಲ, ಒಂದೇ ಹೊತ್ತಿಗೆ ಒಳಗೆ ಬರುವ ಕೆಲಸಕ್ಕೆ ಕಡಿವಾಣವೂ ಆಗಿತ್ತು. ಯಾರೂ ಬೇಕಂತ ಹಾಕಿದ್ದಲ್ಲ, ತಾನಾಗಿ ಇತ್ತು. ನೀವು ಒಂದು ಸಾಲಿನ ಸೆಟ್ಟಿಂಗ್ ಬದಲಿಸಿ ಅದನ್ನು ಬಿಚ್ಚಿಹಾಕಿದಿರಿ. ಈಗ ಸಾವಿರಾರು ರಿಕ್ವೆಸ್ಟ್ ಒಟ್ಟಿಗೆ ಒಳಗೆ ಬಂದು ಡೇಟಾಬೇಸ್ ಕನೆಕ್ಷನ್ ಕೇಳುತ್ತವೆ. ಸ್ಪ್ರಿಂಗ್ ಬೂಟ್ ಜೊತೆ ಬರುವ ಹಿಕಾರಿ ಪೂಲ್‌ನಲ್ಲಿ ನೀವು ಮುಟ್ಟದಿದ್ದರೆ ಇರುವುದು 10 ಕನೆಕ್ಷನ್. 30 ಸೆಕೆಂಡ್ ಕಾಯುತ್ತದೆ, ಆಮೇಲೆ ಎರರ್ ಕೊಡುತ್ತದೆ. ಹತ್ತೇ ಕೌಂಟರ್ ಇರುವ ಕಡೆ ಹೊರಬಾಗಿಲನ್ನು ಅಗಲ ಮಾಡಿದರೆ ಒಳಗೆ ನೂಕುನುಗ್ಗಲು ಜಾಸ್ತಿ ಆಗುತ್ತದೆಯೇ ಹೊರತು ಕೆಲಸ ಬೇಗ ಆಗುವುದಿಲ್ಲ.

ಇದಕ್ಕೆ ನಾಟಿ ವೈದ್ಯರ ಮದ್ದು ಏನು ಗೊತ್ತಾ? ಪೂಲನ್ನು 500 ಮಾಡಿ ಅನ್ನುವುದು. ದಯವಿಟ್ಟು ಮಾಡಬೇಡಿ. ಡೇಟಾಬೇಸ್‌ನ ಡಿಸ್ಕೂ ಕೋರ್‌ಗಳೂ ಇದ್ದಷ್ಟೇ ಇರುತ್ತವೆ. 500 ಕನೆಕ್ಷನ್ ಒಟ್ಟಿಗೆ ಬಡಿದಾಡಿದರೆ ಎಲ್ಲವೂ ನಿಧಾನವಾಗುತ್ತವೆ, ಅದೇ ಡೇಟಾಬೇಸ್ ಬಳಸುವ ಪಕ್ಕದ ತಂಡವೂ ನಿಮಗೆ ಬೈಯುತ್ತದೆ. ಇನ್ನು ಕೆಲವರು ವರ್ಚುವಲ್ ಥ್ರೆಡ್‌ಗಳನ್ನೇ ಒಂದು ಪೂಲ್‌ಗೆ ತುಂಬುತ್ತಾರೆ. ಅವು ಒಂದು ಕೆಲಸಕ್ಕೆ ಹುಟ್ಟಿ ಆ ಕೆಲಸಕ್ಕೇ ಮುಗಿಯುವಂಥವು, ಪೂಲ್ ಮಾಡಿ ಉಳಿಸುವುದು ಏನೂ ಇಲ್ಲ. ಮಿತಿ ಬೇಕಾಗಿರುವುದು ಥ್ರೆಡ್‌ಗಲ್ಲ, ಡೇಟಾಬೇಸ್‌ಗೆ ಮತ್ತು ನೀವು ಕರೆಯುವ ಹೊರಗಿನ ಸರ್ವೀಸ್‌ಗೆ. ಅಲ್ಲಿಗೇ ಒಂದು ಸೆಮಫೋರ್ (ಒಂದೇ ಹೊತ್ತಿಗೆ ಇಷ್ಟೇ ಕೆಲಸ ಒಳಗೆ ಅನ್ನುವ ಎಣಿಕೆ) ಹಾಕಿ. ಜಾಗ ಸಿಗದ ರಿಕ್ವೆಸ್ಟನ್ನು 30 ಸೆಕೆಂಡ್ ನೇತುಹಾಕುವ ಬದಲು ಬೇಗ ಇಲ್ಲ ಅನ್ನಿ. ಹಾಗೇ ಟ್ರಾನ್ಸಾಕ್ಷನ್ ತೆರೆದಿಟ್ಟುಕೊಂಡು ಹೊರಗಿನ ಎಪಿಐ ಕರೆಯುತ್ತಿದ್ದೀರಾ ನೋಡಿ. ನಾನು ನೋಡಿರುವ ಹೆಚ್ಚಿನ ಕಡೆ ನಿಜವಾದ ಕಳ್ಳ ಅಲ್ಲೇ ಕೂತಿರುತ್ತಾನೆ. ಕನೆಕ್ಷನ್ ಹಿಡಿದುಕೊಂಡು ಬೇರೆ ಯಾರದೋ ಉತ್ತರಕ್ಕೆ ಕಾಯುತ್ತಿರುತ್ತಾನೆ.

ಇದು 25ಕ್ಕೆ ಹೋದರೂ ವಾಸಿಯಾಗದ ಕಾಯಿಲೆ.

ಎರಡನೆಯದು ಆ ಸ್ತಬ್ಧವಾಗುವುದು. ಇದು ಪಿನ್ನಿಂಗ್ ಅಂತ ನನ್ನ ಗುಮಾನಿ. ಜಾವಾ 21ರಲ್ಲಿ ಸಿಂಕ್ರೊನೈಸ್ಡ್ ಬ್ಲಾಕ್ (ಒಂದು ಸಲಕ್ಕೆ ಒಂದೇ ಥ್ರೆಡ್ ಹೋಗಬಹುದಾದ, ಲಾಕ್ ಇರುವ ಕೋಡ್) ಒಳಗೆ ನಿಂತು ಕಾಯುವ ವರ್ಚುವಲ್ ಥ್ರೆಡ್ ತನ್ನ ಕ್ಯಾರಿಯರನ್ನು ಬಿಟ್ಟುಕೊಡಲು ಆಗುತ್ತಿರಲಿಲ್ಲ, ಅಂಟಿಕೊಂಡೇ ಇರುತ್ತಿತ್ತು. ನಾಲ್ಕು ಕೋರ್ ಇರುವ ಸರ್ವರ್‌ನಲ್ಲಿ ನಾಲ್ಕು ಥ್ರೆಡ್ ಹೀಗೆ ಅಂಟಿಕೊಂಡರೆ ಮುಗಿಯಿತು. ಅವು ಕಾಯುತ್ತಿರುವ ಲಾಕ್ ಐದನೆಯ ಥ್ರೆಡ್‌ಗೆ ಸಿಗುವ ಸರದಿ ಬಂದಿರುತ್ತದೆ, ಅದನ್ನು ಹೊರಲು ಕ್ಯಾರಿಯರ್ ಇರುವುದಿಲ್ಲ. ನೆಟ್‌ಫ್ಲಿಕ್ಸ್ ಎಂಜಿನಿಯರ್‌ಗಳು 2024ರಲ್ಲಿ ಇಂಥದ್ದೇ ಒಂದು ಪ್ರಕರಣವನ್ನು ವಿವರವಾಗಿ ಬರೆದಿದ್ದರು. ಜಾವಾ 21, ಸ್ಪ್ರಿಂಗ್ ಬೂಟ್ 3, ಟಾಮ್‌ಕ್ಯಾಟ್. ಪ್ರೋಸೆಸ್ ಬದುಕಿದೆ, ಉತ್ತರ ಮಾತ್ರ ಬರುತ್ತಿಲ್ಲ. ನೀವು ಹೇಳುತ್ತಿರುವುದೂ ಅದೇ ಥರ ಇದೆ. ಥ್ರೆಡ್‌ಗಳ ಸ್ಥಿತಿ ತೋರಿಸುವ ಜೆಸ್ಟ್ಯಾಕ್ ಹಾಕಿ ನೋಡಿದೆವು, ಏನೂ ಕಾಣಲಿಲ್ಲ ಅಂತ ಹೇಳಬೇಡಿ. ವರ್ಚುವಲ್ ಥ್ರೆಡ್‌ಗಳು ಅದರಲ್ಲಿ ಸರಿಯಾಗಿ ಕಾಣುವುದಿಲ್ಲ. ಜಾವಾ ಜೊತೆ ಬರುವ ಇನ್ನೊಂದು ಉಪಕರಣ ಜೆಸಿಎಂಡಿಯಲ್ಲಿ ಥ್ರೆಡ್‌ಗಳನ್ನು ಫೈಲ್‌ಗೆ ಡಂಪ್ ಮಾಡುವ ಆದೇಶ ಇದೆ, ಅದನ್ನು ಬಳಸಿ. ಜಾವಾ ಒಳಗಿನ ಘಟನೆಗಳನ್ನು ದಾಖಲಿಸುವ ಫ್ಲೈಟ್ ರೆಕಾರ್ಡರ್‌ನಲ್ಲಿ ಪಿನ್ ಆದದ್ದಕ್ಕೆ ಪ್ರತ್ಯೇಕ ಈವೆಂಟೇ ಇದೆ.

ಇದನ್ನು ಸರಿಪಡಿಸಿದ್ದು ಜಾವಾ 24, ಜೆಇಪಿ 491 ಅನ್ನುವ ಬದಲಾವಣೆ ಪ್ರಸ್ತಾವದ ಮೂಲಕ. ಸಿಂಕ್ರೊನೈಸ್ಡ್ ಒಳಗೆ ಕಾದರೂ ಈಗ ಕ್ಯಾರಿಯರ್ ಬಿಡುಗಡೆಯಾಗುತ್ತದೆ. ನನ್ನ ಮಟ್ಟಿಗೆ ಆ ವರ್ಷದ ದೊಡ್ಡ ಕೆಲಸ ಇದೇ. ಹೊಸ ಸಿಂಟ್ಯಾಕ್ಸ್ ಇಲ್ಲ, ಸ್ಲೈಡ್‌ನಲ್ಲಿ ತೋರಿಸಲು ಏನೂ ಇಲ್ಲ, ಹಾಗಾಗಿ ಯಾರೂ ಕುಣಿಯಲಿಲ್ಲ. 25 ಅದರ ನಂತರದ್ದು, ಆದ್ದರಿಂದ ಅದರಲ್ಲೂ ಇದೆ. ನೇಟಿವ್ ಕೋಡ್ (ಜಾವಾ ಅಲ್ಲದ ಕೋಡ್) ನಡುವೆ ಬಂದಾಗ, ಕ್ಲಾಸ್ ಲೋಡ್ ಆಗುವಾಗ ಈಗಲೂ ಪಿನ್ ಆಗಬಹುದು, ಆದರೆ ಅದು ಅಪರೂಪ. 2023ರಲ್ಲಿ ಎಲ್ಲ ಸಿಂಕ್ರೊನೈಸ್ಡ್ ತೆಗೆದು ರಿಎಂಟ್ರೆಂಟ್ ಲಾಕ್ ಅನ್ನುವ ಬೇರೆ ಥರದ ಲಾಕ್ ಹಾಕಿ ಅಂತ ಸಲಹೆ ಓಡಾಡುತ್ತಿತ್ತು. ಈಗಲೂ ಯಾರಾದರೂ ಹಾಗೆ ಹೇಳಿದರೆ ಅವರು ಎರಡು ವರ್ಷ ಏನೂ ಓದಿಲ್ಲ ಅಂತ ತಿಳಿಯಿರಿ. 21ರಲ್ಲೇ ಉಳಿಯುವವರಿಗೆ ಮಾತ್ರ ಅದು ಇನ್ನೂ ಬೇಕು.

ಇನ್ನೊಂದು ಮಾತು, ನೀವು ಕೇಳದಿದ್ದರೂ. ಭಾರದ ಆಬ್ಜೆಕ್ಟ್‌ಗಳನ್ನು ಥ್ರೆಡ್ ಲೋಕಲ್‌ನಲ್ಲಿ (ಥ್ರೆಡ್‌ಗೊಂದು ಪ್ರತಿ ಇಡುವ ಜಾಗ) ಕ್ಯಾಶ್ ಮಾಡುವ ಹಳೆಯ ಚಾಳಿ ಇದ್ದರೆ ಬಿಡಿ. 200 ಥ್ರೆಡ್ ಇದ್ದಾಗ 200 ಪ್ರತಿ, ಸರಿ. ಈಗ ರಿಕ್ವೆಸ್ಟ್‌ಗೊಂದು ಥ್ರೆಡ್, ಅಂದರೆ ರಿಕ್ವೆಸ್ಟ್‌ಗೊಂದು ಪ್ರತಿ. 25ರಲ್ಲಿ ಸ್ಕೋಪ್ಡ್ ವ್ಯಾಲ್ಯೂ ಅಂತಿಮವಾಗಿದೆ, ಆದರೆ ಅದು ಯೂಸರ್ ಐಡಿಯಂಥ ಮಾಹಿತಿಯನ್ನು ಒಳಗಿನ ಮೆಥಡ್‌ಗಳಿಗೆ ದಾಟಿಸಲು. ಕ್ಯಾಶ್‌ಗೆ ಬದಲಿ ಅಲ್ಲ.

ಕ್ರಮ ಹೀಗಿರಲಿ. ಇವತ್ತೇ ವರ್ಚುವಲ್ ಥ್ರೆಡ್ ಆಫ್ ಮಾಡಿ. ನಿಧಾನದ ಕ್ವೆರಿಗಳನ್ನು ಹುಡುಕಿ. 25ಕ್ಕೆ ಹೋಗಿ, ಸೆಮಫೋರ್ ಹಾಕಿ, ಲೋಡ್ ಟೆಸ್ಟ್ ಮಾಡಿ. ಆಮೇಲೂ ಬೇಕು ಅನಿಸಿದರೆ ಆನ್ ಮಾಡಿ. ಬೇಡ ಅನಿಸಬಹುದು, ಅದೂ ಒಂದು ಉತ್ತರವೇ.

ಪ್ರಶ್ನೆ: ಜಾವಾ ಈಗ ದುಡ್ಡು ಕೊಟ್ಟು ಬಳಸಬೇಕಂತೆ?

ಇಲ್ಲ. ಓಪನ್‌ಜೆಡಿಕೆ, ಅಂದರೆ ಜಾವಾದ ಮುಕ್ತ ಆವೃತ್ತಿ, ಉಚಿತ. ಟೆಮುರಿನ್, ಕೊರೆಟ್ಟೊ, ಜುಲು ಅದರದೇ ಬಿಲ್ಡ್‌ಗಳು, ಯಾವುದಾದರೂ ಒಂದು ಇಳಿಸಿಕೊಳ್ಳಿ. ಒರಾಕಲ್‌ನದ್ದೇ ಬೇಕು ಅಂದರೆ ಮಾತ್ರ ಲೈಸೆನ್ಸ್ ಓದಿ. 25ರ ಅಪ್‌ಡೇಟ್‌ಗಳು 2028ರ ಸೆಪ್ಟೆಂಬರ್‌ವರೆಗೆ ಉಚಿತ ಅಂತ ಒರಾಕಲ್ ಹೇಳಿದೆ. ತೊಂದರೆಗೆ ಸಿಕ್ಕುವವರು ಯಾರೆಂದರೆ, ಎಂದೋ ಇಳಿಸಿಕೊಂಡ ಒರಾಕಲ್ ಜಾವಾ 8ಕ್ಕೆ 2019ರ ಏಪ್ರಿಲ್ ನಂತರದ ಅಪ್‌ಡೇಟ್‌ಗಳನ್ನು ಲೈಸೆನ್ಸ್ ನೋಡದೆ ಹಾಕುತ್ತಾ ಬಂದವರು. ನೀವು ಅವರಲ್ಲಿ ಒಬ್ಬರಾದರೆ ನನ್ನನ್ನಲ್ಲ, ವಕೀಲರನ್ನು ಕೇಳಿ.

ಪ್ರಶ್ನೆ: ಇನ್ನೂ 8ರಲ್ಲೇ ಇದ್ದೇವೆ. ನೇರ 25ಕ್ಕೆ ಜಿಗಿಯಬಹುದಾ?

ಭಾಷೆಯ ಮಟ್ಟಿಗೆ ಜಿಗಿಯಬಹುದು, ನಿಮ್ಮ ಲೈಬ್ರರಿಗಳು ಬಿಡುವುದಿಲ್ಲ. ಸ್ಪ್ರಿಂಗ್ ಬೂಟ್ 3ಕ್ಕೆ ಕನಿಷ್ಠ 17 ಬೇಕು, ಜೊತೆಗೆ ಕೋಡ್‌ನಲ್ಲಿ ಎಂಟರ್‌ಪ್ರೈಸ್ ಭಾಗದ (ಜಾವಾ ಇಇ) ಜಾವಾಎಕ್ಸ್ ಪ್ಯಾಕೇಜ್ ಹೆಸರುಗಳು ಜಕಾರ್ತಾ ಆಗಬೇಕು. ಲೈಬ್ರರಿಗಳನ್ನು ಮೊದಲು ಹೊಸದು ಮಾಡಿ, 17ರಲ್ಲಿ ಒಂದಿಷ್ಟು ದಿನ ಓಡಿಸಿ, ಆಮೇಲೆ 25. ಕೋಡ್ ಏನೇನು ಮಾಡಬಹುದು ಅಂತ ಮಿತಿ ಹಾಕುವ ಸೆಕ್ಯುರಿಟಿ ಮ್ಯಾನೇಜರ್ ನೆಚ್ಚಿಕೊಂಡಿದ್ದರೆ ಈಗಲೇ ಬೇರೆ ದಾರಿ ನೋಡಿ, 24ರಲ್ಲೇ ಅದನ್ನು ಶಾಶ್ವತವಾಗಿ ಮುಚ್ಚಿಯಾಗಿದೆ. ಇನ್ನು ಎಲ್‌ಟಿಎಸ್ (ದೀರ್ಘಕಾಲ ಬೆಂಬಲ ಸಿಗುವ ಆವೃತ್ತಿ) ಅಂದರೆ ಬಗ್ ಇಲ್ಲ ಅಂತ ನಂಬಿದವರು ತುಂಬಾ ಜನ. ಅದು ಇಷ್ಟು ವರ್ಷ ಪ್ಯಾಚ್ ಕೊಡುತ್ತೇವೆ ಅನ್ನುವ ಮಾರಾಟಗಾರರ ಮಾತು ಅಷ್ಟೇ. ನಾನು ಯಾವ ಹೊಸ ಆವೃತ್ತಿಯನ್ನೂ ಮೊದಲ ದಿನ ಪ್ರೊಡಕ್ಷನ್‌ಗೆ ಬಿಡುವುದಿಲ್ಲ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ಗೆ ಪ್ಯಾಚ್ ಬರುತ್ತವೆ, ಎರಡಾದರೂ ಬರಲಿ ಅಂತ ಕಾಯುತ್ತೇನೆ. ಹೆದರುಪುಕ್ಕಲ ಅನ್ನಿ, ಪರವಾಗಿಲ್ಲ.

ಪ್ರಶ್ನೆ: ಒಬ್ಬರು ಇಪ್ಪತ್ತು ಜೆವಿಎಂ (ಜಾವಾ ಓಡಿಸುವ ವರ್ಚುವಲ್ ಯಂತ್ರ) ಫ್ಲ್ಯಾಗ್‌ಗಳ ಪಟ್ಟಿ ಕೊಟ್ಟಿದ್ದಾರೆ, ಹಾಕಲಾ?

ಅದರಲ್ಲಿ ಸಿಎಂಎಸ್ ಅನ್ನುವ ಹಳೆಯ ಗಾರ್ಬೇಜ್ ಕಲೆಕ್ಟರ್‌ನ (ಬೇಡದ ಮೆಮೊರಿ ಖಾಲಿ ಮಾಡುವ ಭಾಗ) ಫ್ಲ್ಯಾಗ್ ಇದೆಯಾ ನೋಡಿ. ಇದ್ದರೆ ಪಟ್ಟಿಯನ್ನು ಬಿಸಾಕಿ. ಸಿಎಂಎಸ್ಸನ್ನು 14ರಲ್ಲೇ ತೆಗೆದುಹಾಕಿದ್ದಾರೆ. ಆಟ ಆಡಲೇಬೇಕು ಅಂದರೆ 25ರಲ್ಲಿ ಕಾಂಪ್ಯಾಕ್ಟ್ ಆಬ್ಜೆಕ್ಟ್ ಹೆಡರ್ ಆನ್ ಮಾಡಿ ಅಳೆದು ನೋಡಿ. ತಾನಾಗಿ ಆನ್ ಇರುವುದಿಲ್ಲ. ಪ್ರತಿ ಆಬ್ಜೆಕ್ಟ್‌ನ ತಲೆಯಲ್ಲಿ ಸಾಮಾನ್ಯವಾಗಿ 12 ಬೈಟ್ ಇರುವ ಹೆಡರ್ 8ಕ್ಕೆ ಇಳಿಯುತ್ತದೆ, ಚಿಕ್ಕ ಚಿಕ್ಕ ಆಬ್ಜೆಕ್ಟ್ ಜಾಸ್ತಿ ಇರುವ ಕಡೆ ಹೀಪ್ ಉಳಿಯುತ್ತದೆ. ಅಳೆಯದೆ ಹಾಕುವುದಾದರೆ ಅದನ್ನೂ ಹಾಕಬೇಡಿ.

ಪ್ರಶ್ನೆ: 24ಕ್ಕೆ ಬಂದ ಮೇಲೆ ಅನ್‌ಸೇಫ್ ಅಂತ ಎಚ್ಚರಿಕೆ ಬರುತ್ತಿದೆ. ಕಾಣದ ಹಾಗೆ ಮಾಡುವುದು ಹೇಗೆ?

ಅನ್‌ಸೇಫ್ ಅನ್ನುವ ಜಾವಾದ ಒಳಗಿನ ಕ್ಲಾಸನ್ನು ಬಳಸುತ್ತಿರುವ ಲೈಬ್ರರಿ ಅಪ್‌ಡೇಟ್ ಮಾಡಿ. ಬೇರೆ ಉತ್ತರ ನನ್ನಿಂದ ಸಿಗುವುದಿಲ್ಲ.

ಪ್ರಶ್ನೆ: ಪ್ರಿವ್ಯೂ (ಇನ್ನೂ ಅಂತಿಮವಾಗದ) ಫೀಚರ್‌ಗಳನ್ನು ಈಗಲೇ ಬಳಸಿದರೆ ಮುಂದೆ ಅನುಕೂಲ ಅಲ್ಲವೇ?

ಪಠ್ಯದ ನಡುವೆ ಮೌಲ್ಯ ಸೇರಿಸುವ ಸ್ಟ್ರಿಂಗ್ ಟೆಂಪ್ಲೇಟ್ ನೆನಪಿದೆಯಾ? 21ರಲ್ಲಿ ಪ್ರಿವ್ಯೂ, 22ರಲ್ಲಿ ಮತ್ತೆ ಪ್ರಿವ್ಯೂ, 23ರಲ್ಲಿ ಇಲ್ಲವೇ ಇಲ್ಲ. ಪೂರ್ತಿ ವಾಪಸ್ ತೆಗೆದರು. ಅದನ್ನು ನಂಬಿ ಕೋಡ್ ಬರೆದವರು ಮತ್ತೆ ಬರೆದರು. ಒಂದಕ್ಕೊಂದು ಸೇರಿದ ಕೆಲಸಗಳನ್ನು ಒಂದೇ ಗುಂಪಾಗಿ ನಡೆಸುವ ಸ್ಟ್ರಕ್ಚರ್ಡ್ ಕನ್ಕರೆನ್ಸಿ 25ರಲ್ಲೂ ಐದನೇ ಸಲದ ಪ್ರಿವ್ಯೂನಲ್ಲೇ ಇದೆ, ಈ ಸಲ ಅದರ ಎಪಿಐ ಕೂಡ ಬದಲಾಗಿದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಎಷ್ಟು ಬೇಕಾದರೂ ಆಡಿ. ಪ್ರೊಡಕ್ಷನ್ ಬಿಲ್ಡ್‌ನಲ್ಲಿ ಪ್ರಿವ್ಯೂ ಆನ್ ಮಾಡುವ ಫ್ಲ್ಯಾಗ್ ಕಂಡರೆ ನಾನು ಆ ಕೋಡನ್ನು ರಿವ್ಯೂ ಮಾಡುವುದೂ ಇಲ್ಲ, ವಾಪಸ್ ಕಳಿಸುತ್ತೇನೆ.