ಕೇರ್‌ನಿಂದ ಹೊರಬಂದ ಯುವಜನರಿಗೆ ವಿಶ್ವವಿದ್ಯಾಲಯ ಕೊಡುವುದೇನು?

ಇಂಗ್ಲೆಂಡಿನಲ್ಲಿ ಹೆತ್ತವರ ಬದಲು ಸರ್ಕಾರಿ ಆರೈಕೆಯಲ್ಲಿ, ಅಂದರೆ ‘ಕೇರ್’ನಲ್ಲಿ, ಪೋಷಕ (ಫಾಸ್ಟರ್) ಕುಟುಂಬಗಳಲ್ಲೋ ಬಾಲಗೃಹಗಳಲ್ಲೋ ಬೆಳೆದು ಹೊರಬರುವ ‘ಕೇರ್ ಲೀವರ್’ಗಳ ಬದುಕನ್ನು ವಿಶ್ವವಿದ್ಯಾಲಯ ನಿಜಕ್ಕೂ ಬದಲಿಸುತ್ತದೆಯೇ, ಇಲ್ಲ ಸಾಲವನ್ನಷ್ಟೇ ಹೊರಿಸುತ್ತದೆಯೇ ಎಂದು ಕೇಳಿದ್ದೀರಿ. ಅಲ್ಲಿನ ವಿಶ್ವವಿದ್ಯಾಲಯವೊಂದರ ವಿದ್ಯಾರ್ಥಿ ಕಲ್ಯಾಣ ವಿಭಾಗದಲ್ಲಿ ಕೆಲಸ ಮಾಡಿದ ನನಗೆ ಬದಲಿಸುತ್ತದೆ ಎಂದೇ ಅನ್ನಿಸುತ್ತದೆ; ಆದರೆ ಆ ಬದಲಾವಣೆ ಪದವಿಪತ್ರ ಕೈಸೇರುವುದಕ್ಕೆ ಬಹಳ ಮೊದಲೇ ಶುರುವಾಗಿರುತ್ತದೆ.

ಹದಿನೆಂಟು ತುಂಬಿದರೂ ಉಳಿದ ಮಕ್ಕಳಿಗೆ ತಂದೆತಾಯಿಯ ಮನೆ ಇದ್ದೇ ಇರುತ್ತದೆ. ಇವರಾದರೋ ಅದೇ ವಯಸ್ಸಿಗೆ ಬಾಡಿಗೆ, ಬಿಲ್ಲು, ಅಡುಗೆ ಎಲ್ಲವನ್ನೂ ಒಬ್ಬರೇ ನಿಭಾಯಿಸಬೇಕಾಗುತ್ತದೆ. ತಮಗೂ ಪೋಷಕ ಕುಟುಂಬಕ್ಕೂ ಒಪ್ಪಿಗೆಯಿದ್ದರೆ 21ರವರೆಗೆ ಅಲ್ಲೇ ಇರಲು 2014ರ ಕಾಯ್ದೆ ಅವಕಾಶ ಕೊಟ್ಟಿದೆಯಾದರೂ ಬಾಲಗೃಹದಲ್ಲಿ ಬೆಳೆದವರಿಗೆ ಅದು ಅನ್ವಯಿಸುವುದಿಲ್ಲ. ಇಂಥವರಿಗೆ ವಿಶ್ವವಿದ್ಯಾಲಯವು ಒಂದು ಕೋಣೆಯನ್ನು, ದಿನಚರಿಯನ್ನು, ಜೊತೆಗೆ ಇನ್ನೂ ಮೂರು ವರ್ಷ ಕಲಿಯುವವರಾಗಿಯೇ ಇರುವ ಅವಕಾಶವನ್ನು ಕೊಡುತ್ತದೆ. ಇನ್ನೊಂದು ಲಾಭ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ: ಬಾಲ್ಯವಿಡೀ ತಮ್ಮ ಬಗ್ಗೆ ಯಾರೋ ಸಭೆ ಸೇರಿ ತೀರ್ಮಾನಿಸುವುದನ್ನು, ಕಡತದಲ್ಲಿ ಬರೆದಿಡುವುದನ್ನು ಕಂಡವರಿಗೆ, ತಾವಾಗಿ ಹೇಳದ ಹೊರತು ಸಹಪಾಠಿಗಳಿಗೆ ತಮ್ಮ ಹಿನ್ನೆಲೆ ತಿಳಿಯದು ಎಂಬುದೇ ದೊಡ್ಡ ಬಿಡುಗಡೆ.

ಕಷ್ಟ ಎದುರಾಗುವುದು ಹೆಚ್ಚಾಗಿ ರಜೆಯಲ್ಲಿ. ಕ್ರಿಸ್‌ಮಸ್‌ಗೆ ಹಾಸ್ಟೆಲ್ ಖಾಲಿಯಾದಾಗ ಹೋಗಲು ಮನೆಯೇ ಇಲ್ಲದವರು ಎಲ್ಲಿರಬೇಕು? ವಾಸಕ್ಕೆ ಜಾಗವನ್ನು ಅಥವಾ ಅದರ ಖರ್ಚನ್ನು ಕೌನ್ಸಿಲ್ (ಸ್ಥಳೀಯ ಆಡಳಿತ ಸಂಸ್ಥೆ) ಕೊಡಬೇಕೆಂದು ಮಕ್ಕಳ ಕಾಯ್ದೆ ಹೇಳುತ್ತದೆ, ಆದರೆ ಅದನ್ನು ಮೊದಲೇ ಕೇಳಿ ಬರವಣಿಗೆಯಲ್ಲಿ ಪಡೆದಿಟ್ಟುಕೊಳ್ಳದಿದ್ದರೆ ಡಿಸೆಂಬರಿನಲ್ಲಿ ಪರದಾಡಬೇಕಾಗುತ್ತದೆ. ಖಾಸಗಿ ಮನೆ ಹಿಡಿಯಲು ಹೋದರೆ ಮಾಲೀಕರು ಜಾಮೀನುದಾರರನ್ನು ಕೇಳುತ್ತಾರೆ. ತಂದೆತಾಯಿಯ ಸಹಿ ತರಲಾಗದವರು ಅಲ್ಲೇ ಸಿಕ್ಕಿಬೀಳುತ್ತಾರೆ. ವರ್ಷದ 52 ವಾರವೂ ಕೋಣೆ ಕೊಡುವ, ಬೇಕಾದಾಗ ತಾನೇ ಜಾಮೀನು ನಿಲ್ಲುವ ವಿಶ್ವವಿದ್ಯಾಲಯಗಳೂ ಇವೆ. ರ್‍ಯಾಂಕಿಂಗ್ ಪಟ್ಟಿಗಿಂತ ಮೊದಲು ಇದನ್ನು ವಿಚಾರಿಸಿ ಎಂಬುದು ನನ್ನ ಸಲಹೆ.

ಹಣದ ಮಾತು ನೀವು ಅಂದುಕೊಂಡಷ್ಟು ಭಯಂಕರವಲ್ಲ. ಅರ್ಹ ಕೇರ್ ಲೀವರ್‌ಗಳಿಗೆ ಕೌನ್ಸಿಲ್ 2,000 ಪೌಂಡ್ ಅನುದಾನ ಕೊಡಬೇಕು. ವಿದ್ಯಾರ್ಥಿ ಸಾಲಕ್ಕೆ ಅವರನ್ನು ಸ್ವತಂತ್ರರೆಂದೇ ಪರಿಗಣಿಸುವುದರಿಂದ ಹೆತ್ತವರ ಆದಾಯ ಲೆಕ್ಕಕ್ಕೆ ಬರುವುದಿಲ್ಲ. ಸಾಲದ ಕಂತು ಕೂಡ ಗಳಿಕೆ ನಿಗದಿತ ಮಿತಿ ದಾಟಿದ ಮೇಲಷ್ಟೇ ಆರಂಭವಾಗುತ್ತದೆ.

ಇಷ್ಟಿದ್ದರೂ ಹತ್ತೊಂಬತ್ತರ ಹೊತ್ತಿಗೆ ಉನ್ನತ ಶಿಕ್ಷಣದಲ್ಲಿರುವ ಕೇರ್ ಲೀವರ್‌ಗಳು ಸುಮಾರು ಏಳರಲ್ಲಿ ಒಬ್ಬರು ಮಾತ್ರ. ಮನೆ ಬದಲಾದಂತೆಲ್ಲ ಶಾಲೆಯೂ ಬದಲಾಗಿ ಹದಿನಾರರ ಪರೀಕ್ಷೆಯಲ್ಲೇ ಹಿಂದೆ ಬಿದ್ದವರು ಇಪ್ಪತ್ತು ದಾಟಿದ ಮೇಲೆ ಓದಿಗೆ ಮರಳುವುದುಂಟು. 2017ರ ಕಾಯ್ದೆಯು ಕೇರ್ ಲೀವರ್‌ಗಳಿಗೆ ಕೌನ್ಸಿಲ್ ಒದಗಿಸುವ ವೈಯಕ್ತಿಕ ಸಲಹೆಗಾರರ ನೆರವನ್ನು 25 ವರ್ಷದವರೆಗೆ ವಿಸ್ತರಿಸಿದ್ದು ಅವರಿಗೆ ಉಪಯೋಗಕ್ಕೆ ಬರುತ್ತದೆ. ಇದೇ ವ್ಯವಸ್ಥೆಯಲ್ಲಿ ಬೆಳೆದ ಕವಿ ಲೆಮ್ ಸಿಸೇ 2015ರಿಂದ 2022ರವರೆಗೆ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಕುಲಾಧಿಪತಿಯಾಗಿದ್ದರು. ಅಂಥ ಉದಾಹರಣೆ ಹುಮ್ಮಸ್ಸು ಕೊಡುತ್ತದೆ, ನಿಜ. ಆದರೂ ಮೊದಲ ವರ್ಷದ ವಿದ್ಯಾರ್ಥಿಗೆ ಅದಕ್ಕಿಂತ ಹೆಚ್ಚು ಬೇಕಾಗಿರುವುದು ಇಮೇಲ್‌ಗೆ ಅದೇ ವಾರ ಉತ್ತರಿಸುವ ಒಬ್ಬ ಅಧಿಕಾರಿ.

ನಿಮಗೆ ಪರಿಚಯದವರು ಯಾರಾದರೂ ಅರ್ಜಿ ಹಾಕುತ್ತಿದ್ದರೆ, ವಿಶ್ವವಿದ್ಯಾಲಯ ಪ್ರವೇಶದ ಕೇಂದ್ರೀಯ ಅರ್ಜಿ ವ್ಯವಸ್ಥೆಯಾದ ಯೂಕ್ಯಾಸ್‌ನ ‘ಕೇರ್‌ನಲ್ಲಿ ಇದ್ದಿರಾ’ ಎಂಬ ಪ್ರಶ್ನೆಗೆ ಸಂಕೋಚವಿಲ್ಲದೆ ಹೌದೆಂದು ಗುರುತು ಹಾಕಲು ಹೇಳಿ. ಆ ಮಾಹಿತಿ ಇರುವುದು ನೆರವು ಒದಗಿಸಲೆಂದೇ. ಅದರ ಆಧಾರದ ಮೇಲೆಯೇ ವಿಶ್ವವಿದ್ಯಾಲಯವು ವಿದ್ಯಾರ್ಥಿವೇತನ, ವಸತಿ ಮುಂತಾದವುಗಳ ಬಗ್ಗೆ ಅವರನ್ನು ಸಂಪರ್ಕಿಸಲು ಸಾಧ್ಯವಾಗುತ್ತದೆ.